ಸಂದರ್ಶಕರ ವೀಸಾದಿಂದ ಕಾಯಂ ವಾಸದವರೆಗೆ: ಒಂದು ಪದ್ಧತಿಯ ಇತಿಹಾಸ

ಈಗಿನ ತಮಿಳುನಾಡಿನ ಸೇಲಂ ಜಿಲ್ಲೆಯ ಕಡಯಂಪಟ್ಟಿ ಮತ್ತು ಅದರ ಉತ್ತರದ ಧರ್ಮಪುರಿ ಸೀಮೆ 1792ರ ಶ್ರೀರಂಗಪಟ್ಟಣದ ಒಪ್ಪಂದದವರೆಗೆ ಮೈಸೂರಿನ ಆಳ್ವಿಕೆಯಲ್ಲಿದ್ದವು. ಅವು ಈಸ್ಟ್ ಇಂಡಿಯಾ ಕಂಪನಿಯ ಪಾಲಾದ ಮೇಲೂ, 1956ರ ಭಾಷಾವಾರು ವಿಂಗಡಣೆಯಲ್ಲಿ ಮದ್ರಾಸ್ ರಾಜ್ಯದಲ್ಲಿಯೇ ಉಳಿದ ಮೇಲೂ, ಆ ಭಾಗದ ಹಲವು ಕುಟುಂಬಗಳಲ್ಲಿ ಕನ್ನಡವೇ ಮನೆಮಾತಾಗಿದೆ. ಇಂಥ ಗಡಿನಾಡಿನ ಮನೆಗಳಿಂದಾಗಲಿ ಕರ್ನಾಟಕದಿಂದಾಗಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಪೌರರಾದ ಮಕ್ಕಳ ಬಳಿಗೆ ಬಾಣಂತನಕ್ಕೆಂದು, ಮೊಮ್ಮಕ್ಕಳನ್ನು ನೋಡಲೆಂದು ಸಂದರ್ಶಕರ ವೀಸಾದಲ್ಲಿ ಹೋದ ತಂದೆತಾಯಿಯರು, ಮರಳದೆ ಅಲ್ಲಿದ್ದುಕೊಂಡೇ ಕಾಯಂ ವಾಸದ ಹಕ್ಕಿಗೆ, ಅಂದರೆ ಆಡುಮಾತಿನ ‘ಗ್ರೀನ್ ಕಾರ್ಡ್’ಗೆ, ಅರ್ಜಿ ಹಾಕುವುದುಂಟು.

ಈ ಅವಕಾಶ ಭಾರತೀಯರಿಗೆ ತಡವಾಗಿ ದಕ್ಕಿತು. ಅಮೆರಿಕದ 1917ರ ಕಾಯಿದೆ ಭಾರತವನ್ನು ನಿಷೇಧಿತ ಏಷ್ಯಾ ವಲಯಕ್ಕೆ ಸೇರಿಸಿತ್ತು. 1946ರ ಲೂಸ್–ಸೆಲ್ಲರ್ ಕಾಯಿದೆ ವರ್ಷಕ್ಕೆ 100 ಮಂದಿಯ ಕೋಟಾವನ್ನೂ ಪೌರತ್ವ ಪಡೆಯುವ ಹಕ್ಕನ್ನೂ ಕೊಟ್ಟಿತು. ದೇಶದೊಳಗಿದ್ದವರೂ ಕಾಯಂ ವಾಸಕ್ಕಾಗಿ ಹೊರಗೆ ಹೋಗಿ ವಲಸೆ ವೀಸಾ ತರಬೇಕಿದ್ದ ಆ ಕಾಲದಲ್ಲಿ, 1935ರಿಂದ ಕೆಲವರಿಗೆ ಕೆನಡಾಕ್ಕೆ ಹೋಗಿ ಬರುವ ಏರ್ಪಾಡಷ್ಟೇ ಇತ್ತು. 1952ರ ಕಾಯಿದೆಯ 245ನೆಯ ಕಲಮು ‘ಸ್ಥಾನಮಾನದ ಹೊಂದಾಣಿಕೆ’ ಎಂಬ ಹೊಸ ದಾರಿ ತೆರೆದು, ತಾತ್ಕಾಲಿಕವಾಗಿ ಬಂದವರು ದೇಶ ಬಿಡದೆಯೇ ಕಾಯಂ ನಿವಾಸಿಗಳಾಗಬಹುದೆಂದು ಹೇಳಿತಾದರೂ, ಪೌರರ ತಂದೆತಾಯಿಯರನ್ನು ಅದು ಕೋಟಾದ ಒಳಗೇ ಇಟ್ಟಿತ್ತು. 1965ರ ಅಕ್ಟೋಬರ್ 3ರಂದು ಸಹಿಯಾದ ಹಾರ್ಟ್–ಸೆಲ್ಲರ್ ಕಾಯಿದೆ, 21 ವರ್ಷ ತುಂಬಿದ ಪೌರರ ತಂದೆತಾಯಿಯರನ್ನು ‘ಹತ್ತಿರದ ಬಂಧು’ಗಳೆಂದು ಎಣಿಸಿ, ಸಂಖ್ಯಾಮಿತಿಯಿಂದ ಹೊರಗಿಟ್ಟಿತು.

ಆದರೆ ಸಂದರ್ಶಕರ ವೀಸಾಕ್ಕೆ ಮರಳುವ ಉದ್ದೇಶವೇ ಆಧಾರವಾದ್ದರಿಂದ, ನೆಲೆಸುವ ಬಯಕೆ ವಿಮಾನ ಹತ್ತುವಾಗಲೇ ಇತ್ತೋ ಬಂದ ಮೇಲೆ ಹುಟ್ಟಿತೋ ಎಂಬ ಪ್ರಶ್ನೆ ಉಳಿದೇ ಇತ್ತು. ವಲಸೆ ಮೇಲ್ಮನವಿ ಮಂಡಳಿಯು 1980ರ ಕವಾಸೋಸ್ ಪ್ರಕರಣದಲ್ಲಿ, ಹತ್ತಿರದ ಬಂಧುಗಳ ವಿಷಯದಲ್ಲಿ ಬೇರೆ ಪ್ರತಿಕೂಲ ಸಂಗತಿ ಇಲ್ಲದಿದ್ದರೆ ಪೂರ್ವೋದ್ದೇಶವೊಂದನ್ನೇ ಕಾರಣವಾಗಿಸಿ ಅರ್ಜಿಯನ್ನು ತಳ್ಳಿಹಾಕಲಾಗದೆಂಬ ನಿಲುವು ತಳೆಯಿತು. ಅಧಿಕಾರಿಯೆದುರು ಸುಳ್ಳಾಡುವುದು ಬೇರೆಯೇ ಮಾತು. ಬಂದ 90 ದಿನಗಳೊಳಗೆ ವೀಸಾಕ್ಕೆ ಹೊಂದದ ನಡೆ ಕಂಡುಬಂದರೆ ಸುಳ್ಳು ಹೇಳಿದ್ದರೆಂದು ಊಹಿಸಬಹುದೆಂಬ ಸೂಚನೆಯನ್ನು ವಿದೇಶಾಂಗ ಇಲಾಖೆಯ ಕೈಪಿಡಿ 2017ರಲ್ಲಿ ಸೇರಿಸಿಕೊಂಡಿತು.

ಕಾನೂನಿನ ದಾರಿ ತೆರೆದ ಮೇಲೆ ತೊಡಕಾದದ್ದು ನಂಟನ್ನು ಕಾಗದದಲ್ಲಿ ತೋರಿಸುವ ಕೆಲಸ. ಮಗನ ಜನನ ಪತ್ರದಲ್ಲಿ ತಾಯಿಯ ಹೆಸರಿರಬೇಕು; ಆದರೆ ಭಾರತದಲ್ಲಿ ಜನನ ನೋಂದಣಿ ಕಡ್ಡಾಯವಾದದ್ದು 1969ರ ಕಾಯಿದೆ 1970ರ ಏಪ್ರಿಲ್ 1ರಂದು ಜಾರಿಗೆ ಬಂದ ಮೇಲೆ. ಅದಕ್ಕೂ ಹಿಂದೆ ಹುಟ್ಟಿದವರು ಶಾಲೆಯ ದಾಖಲೆಯನ್ನೋ, ನೋಂದಣಿ ದೊರೆತಿಲ್ಲವೆಂಬ ಸರ್ಕಾರಿ ಪತ್ರದೊಡನೆ ಹಿರಿಯರ ಪ್ರಮಾಣಪತ್ರಗಳನ್ನೋ ಒದಗಿಸಬೇಕಾಯಿತು. ಸೇಲಂ–ಧರ್ಮಪುರಿ ಭಾಗದಲ್ಲಿ ಊರಿನ ವಿಳಾಸವೂ ಸ್ಥಿರವಾಗಿರಲಿಲ್ಲ: ಹಾರ್ಟ್–ಸೆಲ್ಲರ್ ಕಾಯಿದೆಗೆ ಸಹಿ ಬೀಳುವ ಹಿಂದಿನ ದಿನ, 1965ರ ಅಕ್ಟೋಬರ್ 2ರಂದು, ಧರ್ಮಪುರಿಯು ಸೇಲಂನಿಂದ ಬೇರ್ಪಟ್ಟು ಜಿಲ್ಲೆಯಾಯಿತು, 1969ರಲ್ಲಿ ಮದ್ರಾಸ್ ರಾಜ್ಯ ತಮಿಳುನಾಡಾಯಿತು, 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಒಡೆಯಿತು. ಹೀಗೆ ಹೊಸೂರಿನಲ್ಲಿ ಹುಟ್ಟಿದ ಹಿರಿಯರೊಬ್ಬರು ಊರು ಬಿಡದೆಯೇ ಮೂರು ಜಿಲ್ಲೆಗಳ ನಿವಾಸಿಗಳಾಗಿರಬಹುದು. ಇದರ ಮೇಲೆ, ತಮಿಳು ಲಿಪಿಯಲ್ಲಿ ಪ ಮತ್ತು ಬ ಎರಡಕ್ಕೂ ಒಂದೇ ಅಕ್ಷರವಿರುವುದರಿಂದ, ಬಸಪ್ಪ ಎಂಬ ಕನ್ನಡದ ಹೆಸರು ತಮಿಳಿನ ಮೂಲಕ ಇಂಗ್ಲಿಷಿಗೆ ಹೋಗುವಾಗ ಪಸಪ್ಪ ಎಂದಾಗಬಲ್ಲದು.

ಅಮೆರಿಕದ 1996ರ ಕಾಯಿದೆಯ ತರುವಾಯ ಮಕ್ಕಳ ಹೊಣೆಯೂ ಕಾಗದಕ್ಕಿಳಿಯಿತು: ಸಾಮಾನ್ಯವಾಗಿ ಬಡತನ ರೇಖೆಯ ಶೇಕಡಾ 125ರಷ್ಟು ಆದಾಯ ತೋರಿಸಿ, ಪೋಷಣೆಯ ಮುಚ್ಚಳಿಕೆಗೆ, ಅಂದರೆ ನ್ಯಾಯಾಲಯದಲ್ಲಿ ಜಾರಿಗೊಳಿಸಬಹುದಾದ ಕರಾರಿಗೆ, ಅವರು ಸಹಿ ಹಾಕಬೇಕು. ಅರ್ಜಿ ಇತ್ಯರ್ಥವಾಗುವ ಮೊದಲು ಮುಂಗಡ ಅನುಮತಿಯಿಲ್ಲದೆ ದೇಶ ಬಿಟ್ಟರೆ ಅದನ್ನು ಕೈಬಿಟ್ಟಂತೆ ಎಣಿಸುವುದರಿಂದ, ಊರಿನ ಸಾವು, ಮದುವೆ, ಜಮೀನಿನ ಪಟ್ಟಾ ವ್ಯವಹಾರಗಳಿಗೆ ಕೂಡಲೇ ಹೊರಟು ಬರುವುದು ಸುಲಭವಲ್ಲ. ಕಾರ್ಡು ಕೈಸೇರಿದ ಮೇಲೂ ವರ್ಷಕ್ಕಿಂತ ಹೆಚ್ಚು ಕಾಲ ಹೊರಗಿದ್ದರೆ ಹಕ್ಕಿಗೆ ಧಕ್ಕೆಯಾಗಬಹುದಾದ್ದರಿಂದ, ಒಂದು ಕಾಲಕ್ಕೆ ಮಗನ ಮನೆಗೆ ದಿನ ಎಣಿಸಿ ಹೋಗುತ್ತಿದ್ದ ಹಿರಿಯರು ಈಗ ಸ್ವಂತ ಊರಿಗೆ ದಿನ ಎಣಿಸಿ ಬರಬೇಕಾಗುತ್ತದೆ.