ಕೀವಿಗೆ ದಾರಿ, ಆಮೇಲೆ ಮಾತ್ರೆ

1836ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನ ವೈದ್ಯ ವಿಲ್ಹೆಲ್ಮ್ ಫ್ರೆಡರಿಕ್ ಫಾನ್ ಲುಡ್ವಿಗ್ ಒಂದು ಬಗೆಯ ಬಾವನ್ನು ವಿವರಿಸಿ ಬರೆದರು. ನಾಲಿಗೆಯಡಿ ಹಬ್ಬಿ, ಗದ್ದದ ಕೆಳಗೆ ಹಲಗೆಯಂತೆ ಗಟ್ಟಿಯಾಗಿ, ಕೊನೆಗೆ ಉಸಿರನ್ನೇ ಕಟ್ಟಿಬಿಡುವ ಬಾವು ಅದು. ಇಂದಿಗೂ ಅವರ ಹೆಸರಿನಲ್ಲೇ ಇರುವ ಈ ಕಾಯಿಲೆಯ ಮೂಲ ಬಹುಪಾಲು ಕೆಳದವಡೆಯ ಹುಳುಕು ಹಲ್ಲು. ಹಲ್ಲಿನ ಸೋಂಕಿಗೆ ಯಾವ ಆಂಟಿಬಯೋಟಿಕ್ ಎಂಬ ಪ್ರಶ್ನೆಯ ಚರಿತ್ರೆಯನ್ನು ಪೆನ್ಸಿಲಿನ್‌ನಿಂದ ಶುರುಮಾಡುವುದು ವಾಡಿಕೆ. ಕೊಂಚ ಹಿಂದಿನಿಂದ ನೋಡಿದರೆ ಕಥೆಯ ಮುಖವೇ ಬೇರೆ. 1940ರಲ್ಲಿ ಅಮೆರಿಕದ ಆಶ್ಬೆಲ್ ವಿಲಿಯಮ್ಸ್ ಪ್ರಕಟಿಸಿದ, ಈ ಬಾವಿನ 31 ರೋಗಿಗಳ ವರದಿಯಲ್ಲಿ ಸಾವಿನ ಪ್ರಮಾಣ ಶೇ. 54. ಮೂರು ವರ್ಷದ ನಂತರ ವಾಲ್ಟರ್ ಗುರಾಲ್ನಿಕ್ ಜೊತೆ ಸೇರಿ ಅವರು ಬರೆದ 20 ರೋಗಿಗಳ ವರದಿಯಲ್ಲಿ ಅದು ಶೇ. 10. ಪೆನ್ಸಿಲಿನ್ ಆಗಿನ್ನೂ ಜನಸಾಮಾನ್ಯರ ಕೈಗೆ ಬಂದಿರಲಿಲ್ಲ. ಉಸಿರಿನ ದಾರಿಯನ್ನು ಮೊದಲು ಕಾಪಾಡಿ, ಬಾವನ್ನು ತಡಮಾಡದೆ ಕೊಯ್ದು ಒತ್ತಡ ಇಳಿಸಿದ್ದೇ ಮುಖ್ಯ ಬದಲಾವಣೆ. ಸಲ್ಫಾ ಔಷಧಿಗಳು ಆಗಲೇ ಇದ್ದವು, ರೋಗಿಗಳ ಸಂಖ್ಯೆಯೂ ಚಿಕ್ಕದು. ಹಾಗಾಗಿ ಇಡೀ ಶ್ರೇಯಸ್ಸನ್ನು ಚಾಕುವಿಗೇ ಕೊಡಲಾಗದು. ಆದರೂ ಈ ಕ್ಷೇತ್ರದಲ್ಲಿ ಯಾವ ಔಷಧಿ ಎಂಬುದು ಯಾವಾಗಲೂ ಎರಡನೆಯ ಪ್ರಶ್ನೆಯಾಗಿತ್ತು ಎಂಬ ನನ್ನ ವಾದಕ್ಕೆ ಮೊದಲ ಸಾಕ್ಷಿ ಇಲ್ಲೇ ಇದೆ.

ಪೆನ್ಸಿಲಿನ್ ಬಂದ ಮೇಲೆ ಆ ಎರಡನೆಯ ಪ್ರಶ್ನೆ ಮೊದಲಿನ ಸ್ಥಾನಕ್ಕೆ ಏರಿ ಕೂತಿತು. ಅದಕ್ಕೆ ಬೆಲೆಯುಳ್ಳ ಉತ್ತರಗಳೂ ಸಿಕ್ಕವು ಎನ್ನಬೇಕು. 1962ರಲ್ಲಿ ದಂತವೈದ್ಯ ಶಿನ್ ವರದಿ ಮಾಡಿದ ಸಂಗತಿ ಸ್ವಾರಸ್ಯದ್ದು: ಯೋನಿಯ ಸೋಂಕಿಗೆಂದು ಮೆಟ್ರೋನಿಡಜೋಲ್ ತೆಗೆದುಕೊಂಡ ಮಹಿಳೆಯೊಬ್ಬರ ವಸಡಿನ ಹುಣ್ಣೂ ವಾಸಿಯಾಗಿತ್ತು. ಪರಾವಲಂಬಿ ಜೀವಿಗಳ ಮದ್ದೆಂದು ತಿಳಿದಿದ್ದ ಈ ಔಷಧಿ ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ ಎಂಬುದಕ್ಕೆ ಅದೇ ಸುಳಿವು. ಅಂಥ ಬ್ಯಾಕ್ಟೀರಿಯಾಗಳು ಪ್ರಯೋಗಾಲಯದ ಗಾಳಿ ಸೋಕಿದರೇ ಸಾಯುತ್ತವೆ. ಅವುಗಳನ್ನು ಬೆಳೆಸುವ ವಿಧಾನ ಕೈಗೂಡಿದ ಮೇಲೆ, 1976ರಲ್ಲಿ, ಸ್ವೀಡನ್ನಿನ ಯೊರಾನ್ ಸುಂಡ್‌ಕ್ವಿಸ್ಟ್ ಪೆಟ್ಟುಬಿದ್ದು ತಿರುಳು ಸತ್ತ 32 ಹಲ್ಲುಗಳನ್ನು ಪರೀಕ್ಷಿಸಿದರು. ಬೇರಿನ ತುದಿಯ ಮೂಳೆ ಕರಗಿದ್ದ 19ರಲ್ಲಿ 18 ಹಲ್ಲುಗಳೊಳಗೆ ಬ್ಯಾಕ್ಟೀರಿಯಾ ಸಿಕ್ಕವು. ಅವುಗಳ ತಳಿಗಳಲ್ಲಿ ಶೇ. 90ಕ್ಕೂ ಹೆಚ್ಚು ಗಾಳಿ ಒಲ್ಲದವೇ. ಅಮಾಕ್ಸಿಸಿಲಿನ್ ಜೊತೆಗೆ ಮೆಟ್ರೋನಿಡಜೋಲ್ ಬರೆಯುವ ರೂಢಿಗೆ ಆಧಾರ ಈ ತಿಳಿವಳಿಕೆ. ನಮ್ಮ ಔಷಧಿ ಅಂಗಡಿಗಳಲ್ಲಿ ಹಲ್ಲುನೋವೆಂದ ಕೂಡಲೇ ಕೈಗೆ ಬರುವ ಆಫ್ಲಾಕ್ಸಸಿನ್–ಆರ್ನಿಡಜೋಲ್ ಜೋಡಿಮಾತ್ರೆ ಅದೇ ತರ್ಕದ ಅಡ್ಡದಾರಿ. ಬಾಯಿಯ ಸ್ಟ್ರೆಪ್ಟೋಕಾಕಸ್‌ಗಳ ಮೇಲೆ ಆಫ್ಲಾಕ್ಸಸಿನ್‌ನ ಹಿಡಿತ ಸಡಿಲ.

ಆದರೆ ಸುಂಡ್‌ಕ್ವಿಸ್ಟ್ ತೋರಿಸಿದ ಜಾಗವನ್ನು ಗಮನಿಸಿ: ಬ್ಯಾಕ್ಟೀರಿಯಾ ಇದ್ದದ್ದು ಸತ್ತ ತಿರುಳಿನೊಳಗೆ. ಅಲ್ಲಿ ರಕ್ತ ಹರಿಯುವುದಿಲ್ಲ, ಹಾಗಾಗಿ ನುಂಗಿದ ಮಾತ್ರೆ ಅಲ್ಲಿಗೆ ತಲುಪುವುದಿಲ್ಲ; ಕೀವಿನ ನಡುವಿಗೂ ಸರಿಯಾಗಿ ಇಳಿಯುವುದಿಲ್ಲ. ಇನ್ನು ತಿರುಳು ಜೀವಂತವಿದ್ದು ಬರಿದೇ ಉರಿಯೂತದಿಂದ ಸಿಡಿಯುತ್ತಿರುವಾಗ ಆಂಟಿಬಯೋಟಿಕ್‌ಗೆ ಕೆಲಸವೇ ಇಲ್ಲ. 2000ದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಇಂಥ ನೋವಿದ್ದ 40 ಜನರಲ್ಲಿ ಅರ್ಧ ಮಂದಿಗೆ ಪೆನ್ಸಿಲಿನ್, ಉಳಿದವರಿಗೆ ಸುಳ್ಳುಮಾತ್ರೆ ಕೊಟ್ಟರು. ನೋವು ಇಳಿದದ್ದರಲ್ಲಿ ವ್ಯತ್ಯಾಸ ಕಾಣಲಿಲ್ಲ. ನಲವತ್ತು ಜನರ ಒಂದೇ ಪ್ರಯೋಗ ಏನನ್ನು ಸಾಧಿಸೀತು ಎಂದು ಕೇಳಬಹುದು. ನ್ಯಾಯವಾದ ಆಕ್ಷೇಪಣೆ. ಆದರೆ ಉಪಯೋಗವಿದೆ ಎಂದು ತೋರಿಸುವ ಹೊಣೆ ಮಾತ್ರೆ ಕೊಡುವವರದು, ಕೊಡದವರದಲ್ಲ. ‘ನುಂಗಿದ ಮೇಲೆ ನೋವು ಹೋಯಿತಲ್ಲ’ ಎಂಬ ಅನುಭವದ ಮಾತಿಗೂ ಉತ್ತರ ಇದೆ: ತಿರುಳು ಸತ್ತರೆ ನೋವು ತಾನಾಗಿ ನಿಲ್ಲುತ್ತದೆ, ಜೊತೆಗೆ ಕೊಟ್ಟ ನೋವುಮಾತ್ರೆಯ ಕೆಲಸದ ಹೆಸರು ಆಂಟಿಬಯೋಟಿಕ್‌ಗೆ ಸಲ್ಲುತ್ತದೆ. ಸೋಂಕು ಬೇರಿನ ತುದಿಯಲ್ಲಿ ಹಾಗೇ ಉಳಿದಿರುತ್ತದೆ.

ಹಾಗೆಂದು ಆಂಟಿಬಯೋಟಿಕ್ ಬೇಡವೇ ಬೇಡ ಎಂಬ ಹಠ ಇನ್ನೊಂದು ತಪ್ಪು. ಜ್ವರ, ಹಬ್ಬುತ್ತಿರುವ ಊತ, ರೋಗ ತಡೆಯುವ ಶಕ್ತಿ ಕುಗ್ಗಿದ ದೇಹ ಇದ್ದಲ್ಲಿ ಅದು ಬೇಕು. ಬಾಯಿ ತೆರೆಯಲಾಗದೆ, ನುಂಗಲಾಗದೆ ಇದ್ದರೆ ಮಾತ್ರೆಗೂ ಮೊದಲು ಆಸ್ಪತ್ರೆ ಬೇಕು. ಆಗ ಆಯ್ಕೆ ಯಾವುದು? ವಿಚಿತ್ರವೆಂದರೆ, ಇಷ್ಟೆಲ್ಲ ಹೊಸ ಔಷಧಿಗಳ ನಂತರವೂ ಉತ್ತರ ಪೆನ್ಸಿಲಿನ್‌ನ ಹಳೆಯ ಮನೆಗೇ ಮರಳಿದೆ. ಅಮೆರಿಕದ ದಂತವೈದ್ಯ ಸಂಘದ 2019ರ ಮಾರ್ಗಸೂಚಿಯಲ್ಲೂ ವಿಶ್ವ ಆರೋಗ್ಯ ಸಂಸ್ಥೆಯ 2022ರ ಆಂಟಿಬಯೋಟಿಕ್ ಪುಸ್ತಕದಲ್ಲೂ ಮೊದಲ ಹೆಸರು ಅಮಾಕ್ಸಿಸಿಲಿನ್, ವಯಸ್ಕರಿಗೆ 500 ಮಿ.ಗ್ರಾಂ. ದಿನಕ್ಕೆ ಮೂರು ಬಾರಿ. ಒಂದು ಕಾಲದಲ್ಲಿ ಪೆನ್ಸಿಲಿನ್ ಒಗ್ಗದವರಿಗೆಲ್ಲ ಬರೆಯುತ್ತಿದ್ದ ಕ್ಲಿಂಡಾಮೈಸಿನ್, ಕರುಳಿನಲ್ಲಿ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾಕ್ಕೆ ಹಾದಿಮಾಡಿ ತೀವ್ರ ಭೇದಿ ತರಿಸಬಲ್ಲದೆಂದು 1970ರ ದಶಕದ ಕೊನೆಗೆ ಗೊತ್ತಾಯಿತು. ಅದರ ಗೌರವ ಅಂದಿನಿಂದ ಇಳಿಮುಖ. ಕೋರ್ಸ್ ಪೂರ್ತಿ ಮುಗಿಸಲೇಬೇಕೆಂಬ ಹಳೆಯ ಕಟ್ಟಳೆಯೂ ಸಡಿಲವಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸೋಂಕಿನ ಮೂಲವನ್ನು ಚೆನ್ನಾಗಿ ತೆಗೆದಿದ್ದರೆ 3 ದಿನ ಸಾಕು, ಇಲ್ಲವಾದರೆ 5 ದಿನ. ಲೆಕ್ಕ ಔಷಧಿಯ ಹೆಸರಿನಿಂದ ಶುರುವಾಗಿಲ್ಲ, ಹಲ್ಲಿಗೆ ಏನು ಮಾಡಿದರು ಎಂಬುದರಿಂದ ಶುರುವಾಗಿದೆ.

ನನ್ನ ವಾದಕ್ಕೆ ಎದುರಾಗುವ ಗಟ್ಟಿ ಆಕ್ಷೇಪಣೆ ಬಡತನದ್ದು ಮತ್ತು ದೂರದ್ದು. ಮಾತ್ರೆ ಊರಿನಲ್ಲೇ ಸಿಗುತ್ತದೆ. ರೂಟ್ ಕೆನಾಲ್‌ಗೆ ಪೇಟೆಗೆ ಹೋಗಬೇಕು, ದಿನದ ಕೂಲಿ ಬಿಡಬೇಕು, ಸಾವಿರಗಳಲ್ಲಿ ದುಡ್ಡು ಹೊಂದಿಸಬೇಕು. ಅಮೆರಿಕದ ಮಾರ್ಗಸೂಚಿ ಇದನ್ನು ಕಡೆಗಣಿಸಿಲ್ಲ: ಚಿಕಿತ್ಸೆ ಕೂಡಲೇ ಸಿಗದೆಡೆ, ಕೀವು ತುಂಬಿ ಬಾತಿರುವ ಹಲ್ಲಿಗೆ ಅಮಾಕ್ಸಿಸಿಲಿನ್ ಕೊಡಬಹುದು ಎನ್ನುತ್ತದೆ. ತಿರುಳು ಸತ್ತು ನೋವಷ್ಟೇ ಇದ್ದರೆ ಚೀಟಿ ಬರೆದುಕೊಟ್ಟು, ನೋವು ಏರಿದರೆ ಮಾತ್ರ ಕೊಳ್ಳಲು ಹೇಳಬಹುದು. ತಿರುಳು ಜೀವಂತವಿರುವ ಹಲ್ಲುನೋವಿಗಾದರೆ, ದಂತವೈದ್ಯರು ಎಷ್ಟೇ ದೂರವಿದ್ದರೂ, ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್ ಮಾತ್ರ. ಹಲ್ಲು ಕೀಳಿಸುವುದೂ ಚಿಕಿತ್ಸೆಯೇ, ಅದು ತಾಲೂಕು ಆಸ್ಪತ್ರೆಯಲ್ಲೂ ಆಗುವ ಕೆಲಸ.