ಹಗುರ ಟಾರ್ಪಾಲು: ತುಮಕೂರು ಸೀಮೆಯ ಮಳೆಹೊದಿಕೆಗಳು

ಬಯಲಲ್ಲಿ ತಂಗುವವರು ಮಳೆ, ಗಾಳಿ, ಇಬ್ಬನಿಗೆ ಮರೆಯಾಗಿ ಕಟ್ಟಿಕೊಳ್ಳುವ, ಹೊತ್ತು ನಡೆಯಬಹುದಾದ ಹೊದಿಕೆ. ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಇದರ ಹಿರಿಯ ರೂಪ ಕುರಿಗಾಹಿಯ ಕಂಬಳಿ.

ಕುರುಬರ ಮನೆಗಳಲ್ಲಿ ಹೆಂಗಸರು ಉಣ್ಣೆ ನೂತರು. ಹಾಸುನೂಲಿಗೆ ಹುಣಸೆಬೀಜದ ಸರಿ ಬಳಿದು ಗುಂಡಿಮಗ್ಗದಲ್ಲಿ ನೇಯ್ದದ್ದು ಗಂಡಸರು. ಮೂಲೆ ಮಡಿಚಿ ತಲೆಗೇರಿಸಿದರೆ ಕೊಪ್ಪೆ, ಹರಡಿದರೆ ಹಾಸಿಗೆ, ಕೋಲಿಗೆ ಇಳಿಬಿಟ್ಟರೆ ಮರೆ. ಉಣ್ಣೆ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವ ಹೀರಿದರೂ ಬೆಚ್ಚಗಿರುತ್ತದೆ. ಆದರೆ ರಾತ್ರಿಯಿಡೀ ನೆಂದ ಕಂಬಳಿಯನ್ನು ಬೆಳಿಗ್ಗೆ ಹೆಗಲಿಗೇರಿಸುವುದು ಶಿಕ್ಷೆಯೇ ಸರಿ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಗುಬ್ಬಿಯ ಸಂತೆಯನ್ನೂ ಸೀಮೆಯ ಕಂಬಳಿ ನೇಯ್ಗೆಯನ್ನೂ ಬರೆದಿಟ್ಟಿದ್ದಾನೆ. ಕಂಬಳಿ ಕೊಳ್ಳಲಾಗದವರಿಗೆ ಗೋಣಿಚೀಲದ ಕೊಪ್ಪೆಯೇ ಗತಿಯಾಗಿತ್ತು.

ಆಮೇಲೆ ಲಾರಿಗಳ ಜೊತೆ ಕ್ಯಾನ್ವಾಸು ಬಂತು, ಅದನ್ನು ಪ್ಲಾಸ್ಟಿಕ್ ತಾಡಪಾಲು ಹಿಂದಿಕ್ಕಿತು. ರಾಗಿ ಒಕ್ಕಣೆಗೂ ಅಡಿಕೆ ಒಣಗಿಸಲೂ ಈಗ ಅದೇ. ರೈತ ಸಂಪರ್ಕ ಕೇಂದ್ರಗಳಲ್ಲಿ ಸಹಾಯಧನದಲ್ಲೂ ಸಿಗುತ್ತದೆ.

ಚಾರಣಿಗರ ಲೆಕ್ಕ ಬೇರೆ. ಚದರ ಮೀಟರಿಗೆ 250 ಗ್ರಾಂ ತೂಗುವ ತಾಡಪಾಲು 3 ಮೀಟರ್ ಚೌಕಕ್ಕೆ ಎರಡೂಕಾಲು ಕೆ.ಜಿ. ಆಗುತ್ತದೆ, ಸಿಲಿಕೋನ್ ಲೇಪಿಸಿದ ತೆಳು ನೈಲಾನಿನಲ್ಲಿ ಅದೇ ಅಳತೆ ಅರ್ಧ ಕೆ.ಜಿ. ದಾಟದು. ಅಮೆರಿಕದ ಚಾರಣಿಗ ರೇ ಜಾರ್ಡಿನ್ 1990ರ ದಶಕದಲ್ಲಿ ಗುಡಾರ ಬಿಟ್ಟು ಟಾರ್ಪಾಲು ಹಿಡಿಯಿರಿ, ಅದನ್ನೂ ನೀವೇ ಹೊಲಿದುಕೊಳ್ಳಿ ಎಂದು ಬರೆದ ಮೇಲೆ ಅಲ್ಲಿ ಮನೆಮಟ್ಟದ ತಯಾರಕರು ಹೆಚ್ಚಿದರು. ನಮ್ಮಲ್ಲಿ ಬೆಂಗಳೂರಿನ ವೈಲ್ಡ್‌ಕ್ರಾಫ್ಟ್ ಶುರುವಾದದ್ದೂ ಅದೇ ದಶಕದಲ್ಲಿ, ಚಾರಣಪ್ರಿಯರು ತಯಾರಿಸಿದ ಗುಡಾರದಿಂದ. ಮುಂದೆ ಅದು ಬೆನ್ನುಚೀಲಗಳ ದೊಡ್ಡ ಕಂಪನಿಯಾಯಿತು.

ಒಳ್ಳೆಯ ಟಾರ್ಪಾಲಿನ ಗುಟ್ಟು ಕತ್ತರಿಯಲ್ಲಿದೆ. ಅಂಚನ್ನು ನೇರವಾಗಿ ಕತ್ತರಿಸಿದರೆ ಎಷ್ಟು ಎಳೆದು ಕಟ್ಟಿದರೂ ಗಾಳಿಗೆ ಪಟಪಟ ಬಡಿಯುತ್ತದೆ. ಸಡಿಲ ಹಗ್ಗ ಜೋತುಬಿದ್ದಾಗ ಮೂಡುವ ಬಾಗಿನಂತೆ, 3 ಮೀಟರ್ ಅಂಚಿಗೆ ಏಳೆಂಟು ಸೆಂ.ಮೀ. ಒಳಸರಿಸಿ ಕತ್ತರಿಸಿದರೆ ಬಿಗಿ ಎಲ್ಲೆಡೆ ಹಂಚಿಹೋಗುತ್ತದೆ. ನಡುವಿನ ಜೋಡಣೆಗೆ ಅಂಚುಗಳನ್ನು ಒಂದರೊಳಗೊಂದು ಮಡಿಚಿ ಎರಡು ಸಾಲು ಹೊಲಿಗೆ ಹಾಕುತ್ತಾರೆ. ಸೂಜಿತೂತುಗಳನ್ನು ಮುಚ್ಚಲು ತೆಳುಮಾಡಿದ ಸಿಲಿಕೋನನ್ನೇ ಬಳಿಯಬೇಕು. ಸಿಲಿಕೋನ್ ಲೇಪಿಸಿದ ಬಟ್ಟೆಗೆ ಬೇರೆ ಅಂಟು ಹಿಡಿಯುವುದಿಲ್ಲ. ನೈಲಾನ್ ನೆಂದರೆ ಹಿಗ್ಗಿ ಜೋಲುತ್ತದೆ, ನಡುರಾತ್ರಿ ಎದ್ದು ಹಗ್ಗ ಬಿಗಿಯಬೇಕಾಗುತ್ತದೆ. ಪಾಲಿಯೆಸ್ಟರಿನಲ್ಲಿ ಆ ಕಾಟ ಕಡಿಮೆ.

ದೇವರಾಯನದುರ್ಗ, ಹುಲಿಯೂರುದುರ್ಗದಂಥ ಬೆಟ್ಟಗಳಲ್ಲಿ ಹಲವೆಡೆ ಕಗ್ಗಲ್ಲು. ಗೂಟ ಇಳಿಯುವುದಿಲ್ಲ, ಬಂಡೆಗೋ ಗಿಡಕ್ಕೋ ಕಟ್ಟಬೇಕು. ಆದ್ದರಿಂದ ಈ ಸೀಮೆಗೆ ಟಾರ್ಪಾಲು ಹೊಲಿಸುವವರು ಅಂಚಿನ ಕುಣಿಕೆ, ಹಗ್ಗದ ಉದ್ದ ಎರಡರಲ್ಲೂ ಜಿಪುಣತನ ಮಾಡಬಾರದು.