ಒಟ್ಟಾಗಿ ಪ್ರಾರ್ಥಿಸುವ ಸಮುದಾಯ: ರೋಣ, ನರಗುಂದ, ಗಜೇಂದ್ರಗಡದ ಚಿಕ್ಕ ಹಿಂಡು ಮತ್ತು ನಾವು

ಸಾಮೂಹಿಕ ಪ್ರಾರ್ಥನೆ ಎಂದರೆ ಒಂದೇ ವಿಶ್ವಾಸದವರು ಒಂದೆಡೆ ಕೂಡಿ, ಒಂದೇ ಮನಸ್ಸಿನಿಂದ ದೇವರ ಸನ್ನಿಧಿಯಲ್ಲಿ ನಿಲ್ಲುವುದು. ಭಾನುವಾರದ ಬಲಿಪೂಜೆ ಅದರ ಶಿಖರ. ಮನೆಯ ಜಪಸರ, ವಾಳೆಯ ಕೂಟ, ತಪಸ್ಸುಕಾಲದ ಶಿಲುಬೆ ಹಾದಿ, ಮರಣವಾದ ಮನೆಯಲ್ಲಿ ನೆರೆಯವರು ಸೇರಿ ಮಾಡುವ ಪ್ರಾರ್ಥನೆ ಇವೆಲ್ಲ ಆ ಶಿಖರಕ್ಕೆ ಹತ್ತಿಸುವ ಮೆಟ್ಟಿಲುಗಳು. ಕರಾವಳಿಯ ನಮ್ಮ ಧರ್ಮಕೇಂದ್ರಗಳಲ್ಲಿ ಇವು ಸುಲಭವಾಗಿ ಸಿಗುತ್ತವೆ. ಸುಲಭವಾಗಿ ಸಿಕ್ಕಿದ್ದರ ಬೆಲೆ ಬೇಗ ಮರೆತುಹೋಗುತ್ತದೆ.

ಆ ಬೆಲೆ ತಿಳಿಯಲು ಘಟ್ಟದ ಮೇಲಿನ ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದ ಕಡೆ ನೋಡುವುದು ಒಳ್ಳೆಯದು. ಬ್ಯಾಂಕು, ಶಾಲೆ, ಸರಕಾರಿ ಕಚೇರಿಗಳ ಕೆಲಸದ ಮೇಲೆ ಕರಾವಳಿಯ ಕುಟುಂಬಗಳು ಉತ್ತರ ಕರ್ನಾಟಕಕ್ಕೆ ವರ್ಗವಾಗಿ ಹೋಗುತ್ತವೆ. ನಮ್ಮ ಊರುಗಳಿಂದ ಹೋದ ಧರ್ಮಗುರುಗಳು, ಧರ್ಮಭಗಿನಿಯರು ಆ ಭಾಗದಲ್ಲಿ ಸೇವೆ ಸಲ್ಲಿಸುತ್ತಿದ್ದಾರೆ. ಅತ್ತ ಕಡೆಯಿಂದ ಕೂಲಿ ಅರಸಿ ಬರುವವರು ನಮ್ಮ ಮನೆಗಳನ್ನು, ರಸ್ತೆಗಳನ್ನು ಕಟ್ಟುತ್ತಿದ್ದಾರೆ. ಆದ್ದರಿಂದ ಅದು ನಮಗೆ ಸಂಬಂಧವಿಲ್ಲದ ನಾಡಲ್ಲ.

ಮೂರು ಊರು, ಚದುರಿದ ಕುಟುಂಬಗಳು

ಗದಗ ಜಿಲ್ಲೆ 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರೆಯಾಯಿತು. 2011ರ ಜನಗಣತಿಯಂತೆ ಅದರ ಜನಸಂಖ್ಯೆ 10,64,570. ಇದರಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಅದೇ ಜನಗಣತಿಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಕ್ರೈಸ್ತರು ನೂರಕ್ಕೆ ಸುಮಾರು ಎಂಟು ಮಂದಿ. ಕಥೋಲಿಕರ ಮಟ್ಟಿಗೆ ಈ ಜಿಲ್ಲೆ 1953ರಲ್ಲಿ ಸ್ಥಾಪನೆಯಾದ ಬೆಳಗಾವಿ ಧರ್ಮಪ್ರಾಂತಕ್ಕೆ ಸೇರಿದೆ.

ಗಜೇಂದ್ರಗಡ ಮೊದಲು ರೋಣ ತಾಲೂಕಿನಲ್ಲಿತ್ತು, ಈಗ ಅದೇ ಒಂದು ತಾಲೂಕು. ಈ ಊರುಗಳಿಂದ ಜಿಲ್ಲಾ ಕೇಂದ್ರ ಗದಗಕ್ಕೆ ಹೋಗಬೇಕಾದರೆ ಹತ್ತಾರು ಕಿಲೋಮೀಟರು ಪ್ರಯಾಣ, ಹೆಚ್ಚಿನವರಿಗೆ ಬಸ್ಸೇ ಆಧಾರ. ಭಾನುವಾರ ಬೆಳಿಗ್ಗೆ ವೃದ್ಧರನ್ನೂ ಮಕ್ಕಳನ್ನೂ ಕರೆದುಕೊಂಡು ದೂರದ ದೇವಾಲಯಕ್ಕೆ ಹೋಗಿಬರುವುದೆಂದರೆ ಕೂಲಿಯ ಕುಟುಂಬಕ್ಕೆ ಒಂದು ದಿನ ಮತ್ತು ಒಂದು ದಿನದ ಸಂಪಾದನೆ ಎರಡೂ ಖರ್ಚು.

ಇದು ಎರೆಭೂಮಿಯ ನಾಡು. ಜೋಳ, ಕಡಲೆ, ಹತ್ತಿ, ಹೆಸರು, ಈರುಳ್ಳಿ ಇಲ್ಲಿನ ಬೆಳೆಗಳು. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ ಮಂಗಳೂರು, ಉಡುಪಿ, ಗೋವಾ ಕಡೆ ಗುಳೆ ಹೋಗುವವರು ಅನೇಕರು. ಹೀಗೆ ಅರ್ಧ ಹಳ್ಳಿಯೇ ಖಾಲಿಯಾಗುವ ಸೀಮೆಯಲ್ಲಿ ನಾಲ್ಕೈದು ಮನೆಗಳ ಸಮುದಾಯವೊಂದು ಸಮುದಾಯವಾಗಿ ಉಳಿಯುವುದಾದರೂ ಹೇಗೆ? ಕಟ್ಟಡ, ಶಾಲೆ, ಸಂಘಸಂಸ್ಥೆಗಳಿಂದ ಅದು ಉಳಿಯಲಾರದು. ಒಟ್ಟಾಗಿ ಪ್ರಾರ್ಥಿಸುವುದನ್ನು ಬಿಡದಿದ್ದರೆ ಮಾತ್ರ ಉಳಿದೀತು.

ಈ ನೆಲದಲ್ಲಿ ಪ್ರಾರ್ಥನೆಯ ಹಾದಿ

ಈ ಸೀಮೆಗೆ ಕ್ರೈಸ್ತ ಪ್ರಾರ್ಥನೆ ಹೊಸದಲ್ಲ. ರಾಯಚೂರು ಜಿಲ್ಲೆಯ ಮುದಗಲ್ಲಿನ ಕಥೋಲಿಕ ದೇವಾಲಯ ಹದಿನಾರನೆಯ ಶತಮಾನದ್ದೆಂದು ಬ್ರಿಟಿಷರ ಕಾಲದ ಗೆಜೆಟಿಯರ್ ದಾಖಲಿಸಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಗದಗದ ಬೆಟಗೇರಿಯಲ್ಲಿ ನೆಲೆ ಮಾಡಿದರು. ಅವರು ಬಿತ್ತಿದ ಸಭೆಗಳು ಇಂದು ಧಾರವಾಡ ಕೇಂದ್ರವಾಗಿರುವ ದಕ್ಷಿಣ ಭಾರತ ಸಭೆಯ ಉತ್ತರ ಸಭಾಪ್ರಾಂತದಲ್ಲಿವೆ.

ಆ ಮಿಶನರಿಗಳು ಕಲಿತ ಒಂದು ಪಾಠ ನಮಗೂ ಬೇಕು. ಜನರು ತಮ್ಮ ಮಾತಿನಲ್ಲಿ, ತಮ್ಮ ಧಾಟಿಯಲ್ಲಿ ಹಾಡದೆ ಪ್ರಾರ್ಥನೆ ಬೇರೂರುವುದಿಲ್ಲ. 1894ರ ಕನ್ನಡ ನಿಘಂಟಿನಿಂದ ಹೆಸರಾದ ಫರ್ಡಿನಾಂಡ್ ಕಿಟ್ಟೆಲರು ಅದಕ್ಕೂ ಮುಂಚೆ, 1862ರಲ್ಲಿ, ಯೇಸುವಿನ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿ 'ಕಥಾಮಾಲೆ' ಎಂದು ಬರೆದರು. ಗದಗ ಸೀಮೆಯ ಹಳ್ಳಿಗಳಲ್ಲಿ ಸಂಜೆಯ ಭಜನೆ, ತತ್ವಪದ ಇಂದಿಗೂ ಕೇಳಿಬರುತ್ತವೆ. ಒಬ್ಬರು ಹೇಳಿಕೊಟ್ಟು ಉಳಿದವರು ಎತ್ತಿಕೊಳ್ಳುವ ಆ ಪದ್ಧತಿ, ಓದುಬರಹ ಬಾರದವರನ್ನೂ ಪ್ರಾರ್ಥನೆಯೊಳಗೆ ಕರೆದುಕೊಳ್ಳುತ್ತದೆ. ಪುಸ್ತಕ ಹಿಡಿದವರು ಮಾತ್ರ ಪ್ರಾರ್ಥಿಸಿ ಉಳಿದವರು ಸುಮ್ಮನೆ ಕೂರುವ ಕೂಟಕ್ಕಿಂತ ಇದು ಮೇಲು.

ಧರ್ಮಸಭೆಯ ಬೋಧನೆ

ಆದಿ ಕ್ರೈಸ್ತರ ಜೀವನವನ್ನು ಪ್ರೇಷಿತರ ಕಾರ್ಯಕಲಾಪಗಳು ಎರಡನೆಯ ಅಧ್ಯಾಯದಲ್ಲಿ ನಾಲ್ಕು ಅಂಶಗಳಲ್ಲಿ ಹೇಳುತ್ತದೆ: ಪ್ರೇಷಿತರ ಬೋಧನೆ, ಅನ್ಯೋನ್ಯತೆ, ರೊಟ್ಟಿ ಮುರಿಯುವುದು, ಪ್ರಾರ್ಥನೆ. ಆರನೆಯ ಅಧ್ಯಾಯದಲ್ಲಿ ವಿಧವೆಯರಿಗೆ ಆಹಾರ ಹಂಚುವ ವಿಷಯದಲ್ಲಿ ಗೊಣಗಾಟ ಏಳುತ್ತದೆ. ಪ್ರೇಷಿತರು ಆ ಸೇವೆಯನ್ನು ಕಡೆಗಣಿಸಲಿಲ್ಲ, ಅದಕ್ಕಾಗಿ ಪ್ರಾರ್ಥನೆಯನ್ನು ಮೊಟಕುಗೊಳಿಸಲೂ ಇಲ್ಲ. ಸೇವೆಗೆ ಏಳು ಮಂದಿಯನ್ನು ನೇಮಿಸಿ, ತಾವು ಪ್ರಾರ್ಥನೆಗೂ ವಾಕ್ಯಕ್ಕೂ ಮೀಸಲಾದರು. ಪ್ರಾರ್ಥನೆಗೆ ಆದ್ಯತೆ ಕೊಡುವುದೆಂದರೆ ಇದೇ: ಕೆಲಸ ಹೆಚ್ಚಾದಾಗ ಕೆಲಸ ಹಂಚಿಕೊಳ್ಳುವುದು, ಪ್ರಾರ್ಥನೆಯನ್ನು ಕೈಬಿಡದಿರುವುದು.

ಯೆಹೂದ್ಯರ ಸಂಪ್ರದಾಯದಲ್ಲಿ ಸಾರ್ವಜನಿಕ ಪ್ರಾರ್ಥನೆಗೆ ಕನಿಷ್ಠ ಹತ್ತು ಮಂದಿ ಬೇಕು. ಮತ್ತಾಯನ ಶುಭಸಂದೇಶ 18ನೆಯ ಅಧ್ಯಾಯದಲ್ಲಿ ಪ್ರಭು ಯೇಸು ತಮ್ಮ ಸಾನ್ನಿಧ್ಯಕ್ಕೆ ಹೇಳಿದ ಲೆಕ್ಕ ಇಬ್ಬರು ಅಥವಾ ಮೂವರು. ಚಿಕ್ಕ ಸಮುದಾಯಗಳಿಗೆ ಇದಕ್ಕಿಂತ ದೊಡ್ಡ ಧೈರ್ಯದ ಮಾತಿಲ್ಲ.

1983ರ ಧರ್ಮಸಭೆಯ ಕಾನೂನು ಸಂಹಿತೆಯ 1248ನೆಯ ವಿಧಿ ಇದೇ ಪರಿಸ್ಥಿತಿಯನ್ನು ನೆನೆಯುತ್ತದೆ. ಗುರುಗಳಿಲ್ಲದ ಕಾರಣ ಅಥವಾ ಇನ್ನಾವುದೇ ಗಂಭೀರ ಕಾರಣದಿಂದ ಭಾನುವಾರದ ಬಲಿಪೂಜೆ ಸಾಧ್ಯವಾಗದಿದ್ದರೆ, ಧರ್ಮಾಧ್ಯಕ್ಷರ ನಿಯಮದಂತೆ ನಡೆಯುವ ವಾಕ್ಯವಿಧಿಯಲ್ಲಿ ಭಾಗವಹಿಸಬೇಕೆಂದು, ಇಲ್ಲವೇ ಒಂಟಿಯಾಗಿ, ಕುಟುಂಬವಾಗಿ ಅಥವಾ ಕುಟುಂಬಗಳ ಗುಂಪಾಗಿ ತಕ್ಕಷ್ಟು ಸಮಯ ಪ್ರಾರ್ಥಿಸಬೇಕೆಂದು ಅದು ಒತ್ತಾಯಪೂರ್ವಕವಾಗಿ ಸೂಚಿಸುತ್ತದೆ. 1988ರಲ್ಲಿ ರೋಮಿನಿಂದ ಬಂದ ನಿರ್ದೇಶನ ಗ್ರಂಥವು ಇಂಥ ಭಾನುವಾರದ ವಿಧಿ ಬಲಿಪೂಜೆಯಂತೆ ತೋರಬಾರದು, ಅದರಲ್ಲಿ ಕಾಣಿಕೆ ಅರ್ಪಣೆಯಾಗಲಿ ಪರಮ ಪ್ರಸಾದದ ಮಹಾಪ್ರಾರ್ಥನೆಯಾಗಲಿ ಇರಬಾರದು ಎಂದು ತಿಳಿಸಿದೆ. ಅಂದರೆ ಅದು ಬಲಿಪೂಜೆಗೆ ಬದಲಿಯಲ್ಲ, ಬಲಿಪೂಜೆಗಾಗಿ ಹಸಿವನ್ನು ಜೀವಂತವಾಗಿಡುವ ಸಾಧನ. 2021ರ ಮೇ 10ರಂದು ಪೋಪ್ ಫ್ರಾನ್ಸಿಸರು ಉಪದೇಶಿಗಳ ಸೇವೆಯನ್ನು ಅಧಿಕೃತ ಶ್ರೀಸಾಮಾನ್ಯ ಸೇವಾಪದವಿಯಾಗಿ ಸ್ಥಾಪಿಸಿದ್ದೂ ಇಂಥ ಸಮುದಾಯಗಳಿಗೆ ಬಲ ತಂದಿದೆ.

ಗುರುಗಳಿಲ್ಲದೆ ಉಳಿದ ಸಭೆಗಳು

ಜಪಾನಿನಲ್ಲಿ 1614ರಲ್ಲಿ ಕ್ರೈಸ್ತಧರ್ಮಕ್ಕೆ ನಿಷೇಧ ಬಿತ್ತು. ಆನಂತರ ಎರಡು ಶತಮಾನಕ್ಕೂ ಹೆಚ್ಚು ಕಾಲ ಗುರುಗಳಿಲ್ಲದೆ ಹಳ್ಳಿಯ ಜನರೇ ಗುಟ್ಟಾಗಿ ಕೂಡಿ ಪ್ರಾರ್ಥಿಸಿದರು. ಹಬ್ಬದ ದಿನಗಳ ಲೆಕ್ಕ ಇಡುವವರು ಒಬ್ಬರು, ದೀಕ್ಷಾಸ್ನಾನ ಕೊಡುವವರು ಒಬ್ಬರು, ಹೀಗೆ ಹೊಣೆ ಹಂಚಿಕೊಂಡರು. 1865ರ ಮಾರ್ಚ್ 17ರಂದು ನಾಗಸಾಕಿಯ ಊರಾ ದೇವಾಲಯದಲ್ಲಿ ಅವರಲ್ಲಿ ಕೆಲವರು ಫ್ರೆಂಚ್ ಧರ್ಮಗುರು ಪೆತಿಜಾನರ ಮುಂದೆ ಬಂದು ತಮ್ಮ ವಿಶ್ವಾಸವನ್ನು ತಿಳಿಸಿದರು. ಕೊರಿಯಾದಲ್ಲಿ ಸಭೆ ಆರಂಭವಾದದ್ದೇ ಶ್ರೀಸಾಮಾನ್ಯರಿಂದ. 1784ರಲ್ಲಿ ಬೀಜಿಂಗಿನಲ್ಲಿ ದೀಕ್ಷಾಸ್ನಾನ ಪಡೆದು ಮರಳಿದ ಯಿ ಸುಂಗ್ ಹುನ್ ಮತ್ತು ಗೆಳೆಯರು ಮನೆಗಳಲ್ಲಿ ಕೂಡಿ ಪ್ರಾರ್ಥಿಸತೊಡಗಿದರು. ಎರಡೂ ಕಡೆ ಸಭೆಯನ್ನು ಹಿಡಿದಿಟ್ಟದ್ದು ಹೊಣೆ ಹಂಚಿಕೊಂಡ ನಿಯಮಬದ್ಧ ಪ್ರಾರ್ಥನೆ.

ಕೂಟ ನಡೆಸುವ ಬಗೆ

ನಾಲ್ಕೈದು ಕುಟುಂಬಗಳಿರುವ ಊರಿನಲ್ಲಿ ಈ ಕ್ರಮ ಅನುಸರಿಸಬಹುದು.

1. ದಿನ ಮತ್ತು ಸಮಯ ಬದಲಾಗದಿರಲಿ. ಸಂತೆಯ ದಿನ ಬೇಡ. ಹೊಲದಿಂದ ಮರಳಿ ಮುಖ ತೊಳೆದು ಬರಲು ಆಗುವ ಸಂಜೆಯ ಹೊತ್ತು ಆರಿಸಬೇಕು. ಇಬ್ಬರೇ ಬಂದರೂ ಕೂಟ ನಡೆಯಲಿ.

2. ನಲವತ್ತು ನಿಮಿಷ ಸಾಕು. ಒಂದು ಗೀತೆ, ಮುಂದಿನ ಭಾನುವಾರದ ಶುಭಸಂದೇಶ, ಐದು ನಿಮಿಷ ಮೌನ, ಒಂದೆರಡು ಮಾತಿನ ಹಂಚಿಕೆ, ಕೋರಿಕೆಗಳು, ಜಪಸರದ ಒಂದು ದಶಕ, ಪ್ರಭು ಕಲಿಸಿದ ಪ್ರಾರ್ಥನೆ. ದಣಿದು ಬಂದವರಿಗೆ ದೀರ್ಘ ಪ್ರಸಂಗ ಭಾರವಾಗುತ್ತದೆ.

3. ಕನ್ನಡದಲ್ಲಿ ನಡೆಯಲಿ. ಕರಾವಳಿಯಿಂದ ಹೋದ ಕುಟುಂಬ ಮನೆಯೊಳಗೆ ಕೊಂಕಣಿಯಲ್ಲಿ ಜಪಸರ ಹೇಳಲಿ, ಕೂಟದಲ್ಲಿ ಮಾತ್ರ ಎಲ್ಲರ ಭಾಷೆ ಇರಲಿ. ಭಾಷೆಯಿಂದಾಗಿ ಒಂದು ಮನೆ ಹೊರಗುಳಿದರೂ ಅದು ಸಾಮೂಹಿಕ ಪ್ರಾರ್ಥನೆಯಲ್ಲ.

4. ಮನೆಯಿಂದ ಮನೆಗೆ ಸರದಿ ಇರಲಿ, ಆದರೆ ಊಟೋಪಚಾರ ಬೇಡ. ಒಬ್ಬರು ಉಪ್ಪಿಟ್ಟು, ಇನ್ನೊಬ್ಬರು ಸಿಹಿ ಎಂದು ಬೆಳೆಯುತ್ತಾ ಹೋದರೆ ಬಡವರ ಮನೆಯ ಸರದಿ ಬಂದಾಗ ಕೂಟವೇ ನಿಂತುಹೋಗುತ್ತದೆ. ಒಂದು ಲೋಟ ಚಹಾ ಸಾಕು.

5. ಮುಂದಾಳತ್ವ ಹಂಚಿಹೋಗಲಿ. ಈ ವಾರ ತಾಯಿ, ಮುಂದಿನ ವಾರ ಹೈಸ್ಕೂಲಿನ ಹುಡುಗ. ಒಬ್ಬರೇ ನಡೆಸುವ ಕೂಟ ಅವರ ವರ್ಗಾವಣೆಯೊಂದಿಗೆ ಮುಗಿಯುತ್ತದೆ.

6. ಊರಿನ ನೋವು ಕೋರಿಕೆಗಳಲ್ಲಿ ಬರಲಿ. ನರಗುಂದದಲ್ಲಿ 1980ರ ಜುಲೈಯ ರೈತ ಬಂಡಾಯ, 2015ರಲ್ಲಿ ಮಹದಾಯಿ ನೀರಿಗಾಗಿ ಎದ್ದ ಹೋರಾಟ, 2009 ಮತ್ತು 2019ರ ಮಲಪ್ರಭೆಯ ನೆರೆ ಇವೆಲ್ಲ ಅಲ್ಲಿಯ ಜನರ ನೆನಪಿನಲ್ಲಿವೆ. ಮಳೆ, ನೀರು, ಬೆಳೆಯ ಬೆಲೆ, ಗುಳೆ ಹೋದವರ ಕ್ಷೇಮ ಇವುಗಳಿಗಾಗಿ ಪ್ರಾರ್ಥಿಸದ ಕೂಟ ಊರಿನಲ್ಲಿದ್ದೂ ಊರಿನದಾಗುವುದಿಲ್ಲ.

7. ಒಂದು ನೋಟುಪುಸ್ತಕ ಇರಲಿ. ಕೋರಿಕೆಗಳನ್ನೂ ಬಾರದವರ ಹೆಸರನ್ನೂ ಬರೆದು, ಮುಂದಿನ ಕೂಟದೊಳಗೆ ಬಾರದವರ ಮನೆಗೆ ಒಬ್ಬರು ಹೋಗಿಬರಲಿ.

8. ಜನವರಿ 18ರಿಂದ 25ರವರೆಗಿನ ಕ್ರೈಸ್ತ ಐಕ್ಯತಾ ಪ್ರಾರ್ಥನಾ ಸಪ್ತಾಹದಲ್ಲಿ ಇತರ ಸಭೆಗಳ ಕುಟುಂಬಗಳನ್ನೂ ಆಹ್ವಾನಿಸಬಹುದು. 1908ರಲ್ಲಿ ಆರಂಭವಾದ ಈ ಸಪ್ತಾಹಕ್ಕೆ ಬಾಸೆಲ್ ಪರಂಪರೆಯ ಗದಗ ಸೀಮೆ ತಕ್ಕ ನೆಲ.

ಎಚ್ಚರಿಕೆಯ ಮಾತು

ಪ್ರಾರ್ಥನಾ ಕೂಟ ಜಗಳ ತೀರಿಸುವ ಪಂಚಾಯಿತಿಯಾಗಬಾರದು, ಚಂದಾ ಎತ್ತುವ ಸಭೆಯೂ ಆಗಬಾರದು. ಪ್ರಕಟಣೆಗಳನ್ನು ಪ್ರಾರ್ಥನೆ ಮುಗಿದ ಮೇಲೆ ಹೇಳಬೇಕು. ಧ್ವನಿವರ್ಧಕ ಬೇಡ, ಬಾಗಿಲು ತೆರೆದಿರಲಿ. ನಾವು ಏನು ಮಾಡುತ್ತೇವೆಂದು ನೆರೆಮನೆಯವರಿಗೆ ತಿಳಿದಿದ್ದರೆ ಅನುಮಾನಕ್ಕೆ ಎಡೆಯಿರದು. ಗುಳೆ ಹೋದವರು ಫೋನಿನ ಮೂಲಕ ಸೇರಿಕೊಳ್ಳಬಹುದು, ಆದರೆ ಊರಲ್ಲೇ ಇರುವವರು ಮನೆಯಲ್ಲಿ ಕೂತು ಫೋನು ನೋಡುವುದು ಕೂಡುವಿಕೆಯಾಗದು.

ಕರಾವಳಿಯವರ ಪಾಲು

ಕುಟುಂಬವೊಂದು ಘಟ್ಟದ ಮೇಲೆ ವರ್ಗವಾಗಿ ಹೋಗುವಾಗ, ಅಲ್ಲಿಯ ಧರ್ಮಕೇಂದ್ರಕ್ಕೆ ಇಲ್ಲಿಂದಲೇ ವಿಷಯ ತಿಳಿಸುವ ಪದ್ಧತಿ ಪ್ರತಿಯೊಂದು ಧರ್ಮಕೇಂದ್ರದಲ್ಲಿ ಇರಲಿ. ನಮ್ಮ ವಾಳೆಯಲ್ಲಿ ಕಟ್ಟಡದ ಕೆಲಸಕ್ಕೆ ಬಂದು ಶೆಡ್ಡುಗಳಲ್ಲಿರುವವರನ್ನು ಗುರಿಕಾರರು ಒಮ್ಮೆ ಮಾತನಾಡಿಸಲಿ. ಅವರಲ್ಲಿ ಕ್ರೈಸ್ತರಿದ್ದರೆ ಅವರಿಗಾಗಿ ತಿಂಗಳಿಗೊಂದು ಕೂಟವಾದರೂ ಕನ್ನಡದಲ್ಲಿ ನಡೆಯಲಿ. ಪಾಲನಾ ಪರಿಷತ್ತಿನ ಸಭೆಗಳಲ್ಲಿ ಎರಡು ನಿಮಿಷದ ಆರಂಭ ಪ್ರಾರ್ಥನೆಯ ಬದಲು ಶುಭಸಂದೇಶ ಓದಿ ಹತ್ತು ನಿಮಿಷ ಮೌನವಾಗಿರಲಿ.

ರೋಣದಂಥ ಊರಿನಲ್ಲಿ ನಾಲ್ಕು ಮನೆಯವರು ಕೂಡುವುದನ್ನು ನಿಲ್ಲಿಸಿದರೆ ಅಲ್ಲಿ ಸಭೆ ಇಲ್ಲವೆಂದು ಮರುದಿನವೇ ಗೊತ್ತಾಗುತ್ತದೆ. ನಮ್ಮಲ್ಲಿ ಹಾಗಲ್ಲ. ಪ್ರಾರ್ಥನೆ ನಿಂತ ಮೇಲೂ ದೇವಾಲಯದ ಗಂಟೆ ಬಾರಿಸುತ್ತದೆ, ಹಬ್ಬ ನಡೆಯುತ್ತದೆ, ಲೆಕ್ಕಪತ್ರ ಸರಿಯಾಗಿಯೇ ಇರುತ್ತದೆ. ಕಳೆದುಕೊಂಡದ್ದು ಕಣ್ಣಿಗೆ ಬೀಳಲು ಒಂದು ತಲೆಮಾರು ಬೇಕಾಗಬಹುದು. ಆದ್ದರಿಂದ ಈ ವಾರ ನಮ್ಮ ವಾಳೆಯ ಕೂಟಕ್ಕೆ ಹೋಗೋಣ. ಬಹಳ ದಿನಗಳಿಂದ ಬಾರದ ಒಂದು ಮನೆಯವರನ್ನು ಜೊತೆಗೆ ಕರೆದುಕೊಂಡು ಹೋಗೋಣ.